ಹಂಚಿನ ಕೆಳಗಿನ ಸಂದಿ

ಬಾಡಿಗೆ ಮನೆ ನೋಡಲು ಹೋದ ದಿನ ಬೀರುವಿನ ಬಾಗಿಲು ತೆಗೆದರೆ ಒಳಗೆ ಬಲ್ಬು ಉರಿಯುತ್ತಿತ್ತು. ಹಾಡಹಗಲು. ಮನೆಯಲ್ಲಿ ಯಾರೂ ವಾಸವಿಲ್ಲ. ಮಡಿಸಿಟ್ಟ ಹಳೆಯ ಕಂಬಳಿಗಳು, ಅವುಗಳ ನೆತ್ತಿಯ ಮೇಲೆ ಒಂದು ಹಳದಿ ಬಲ್ಬು.

“ಇದು ಯಾರಿಗೆ?” ಎಂದೆ.

“ಕಂಬಳಿಗೆ. ಇಲ್ದಿದ್ರೆ ಬೂಷ್ಟು ಹಿಡೀತದೆ ಮೇಡಂ,” ಎಂದರು ಮನೆಯೊಡತಿ ಲಲಿತಕ್ಕ, ನಾನೇನೋ ದನಕ್ಕೆ ಹುಲ್ಲು ಯಾಕೆ ಎಂದು ಕೇಳಿದ ಹಾಗೆ ನೋಡುತ್ತ.

ಸಿರುಗುಪ್ಪದ ನಮ್ಮವರಿಗೆ ಬೂಷ್ಟು ಎಂದರೆ ವಿವರಿಸಬೇಕು. ತೇವಕ್ಕೆ ಬಟ್ಟೆಯ ಮೇಲೆ, ಚಪ್ಪಲಿಯ ಮೇಲೆ, ಗೋಡೆಯ ಮೇಲೆ ಹಬ್ಬುವ ಬೂದಿ ಬಣ್ಣದ ರೋಮ ಅದು. ನಮ್ಮಲ್ಲಿ ಒಗೆದ ಬಟ್ಟೆ ಹಿಂಡಿ ತಂತಿಗೆ ಹಾಕಿ ತಿರುಗುವಷ್ಟರಲ್ಲಿ ಒಣಗಿರುತ್ತದೆ. ಇಲ್ಲಿ ಜುಲೈನಲ್ಲಿ ಒಗೆದದ್ದು ಆಗಸ್ಟಿನಲ್ಲೂ ಹಸಿ. ಹಾಗಾಗಿ ಇಸ್ತ್ರಿಪೆಟ್ಟಿಗೆ ಇರುವುದು ಗೆರೆ ತೆಗೆಯಲಿಕ್ಕಲ್ಲ, ಕಾಲುಚೀಲ ಒಣಗಿಸಲಿಕ್ಕೆ. ನಮ್ಮೂರಲ್ಲಿ ಕರೆಂಟು ಬಿಲ್ಲು ಕೂಲರಿನಿಂದಾಗಿ ಮೇ ತಿಂಗಳಲ್ಲಿ ಹೆದರಿಸುತ್ತದೆ. ಇಲ್ಲಿ ಮಳೆ ಹಿಡಿದ ಮೇಲೆ. ಗೀಸರು, ಹೀಟರು, ಇಸ್ತ್ರಿ, ಬೀರುವಿನ ಬಲ್ಬು, ಎಲ್ಲ ಒಟ್ಟಿಗೆ.

ನಾನು ಮಲೆನಾಡಿನ ಈ ಬಣಕಲ್ಲಿಗೆ ಬಂದದ್ದು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ. ಅತಿಥಿಗೆ ಊಟ ಹಾಕುವ ನಾಡಿನಲ್ಲಿ ಅತಿಥಿ ಉಪನ್ಯಾಸಕಿಗೆ ಮಾತ್ರ ಸಂಬಳ ತಡವಾಗಿ ಬರುತ್ತದೆ, ಆ ವಾದ ಬೇರೆ ದಿನಕ್ಕಿರಲಿ. ಮನೆ ಲಲಿತಕ್ಕನವರ ಎಸ್ಟೇಟಿನದು, ಹಿಂದೆ ರೈಟರ್, ಅಂದರೆ ತೋಟದ ಗುಮಾಸ್ತ, ಇದ್ದ ಕ್ವಾರ್ಟರ್ಸು. ನನ್ನ ಜೊತೆ ಅವ್ವ. ಅಪ್ಪ ತೀರಿಕೊಂಡ ಮೇಲೆ ಅವಳು ಮಾಮನ ಮನೆಗೆ ಹೋಗಬೇಕಿತ್ತು; ನಾನು ಹಟ ಹಿಡಿದು ಕರೆತಂದೆ. ಜೂನ್ ಕೊನೆಗೆ ಅವಳ ಮೊಣಕಾಲು ಬಿಗಿದುಕೊಂಡವು.

“ಈ ಮಳಿಗಾಲ ನೋಡ್ತೀನವ್ವಾ. ಆಗಲಿಲ್ಲಂದ್ರ ಮಾಮನ ಮನಿಗೆ ಹೋಗ್ತೀನಿ,” ಎಂದಳು.

ಹೀಟರ್ ಹಾಕಿದರೆ ಕಾಲು ಸಡಿಲ, ಆದರೆ ಬಿಲ್ಲು ನನ್ನ ಸಂಬಳದ ಕುತ್ತಿಗೆಗೇ ಬರುತ್ತಿತ್ತು. ಹೀಟರ್ ಆರಿಸಿದ ಮರುಕ್ಷಣ ಬಿಸಿ ಮಾಯ. ಎಲ್ಲಿ ಹೋಗುತ್ತದೆ ಎಂದು ತಲೆಯೆತ್ತಿದೆ. ಗೋಡೆ ಮುಗಿದು ಹಂಚು ಶುರುವಾಗುವಲ್ಲಿ, ನಾಲ್ಕೂ ಸುತ್ತ, ಕೈ ತೂರಿಸುವಷ್ಟು ಸಂದಿ! ನಾನು ದುಡ್ಡು ಕೊಟ್ಟು ಊರಾಚೆಯ ದೇವರಮನೆ ಎಂಬ ಗುಡ್ಡವನ್ನು ಕಾಯಿಸುತ್ತಿದ್ದೆ.

“ಲಲಿತಕ್ಕಾ, ಈ ಸಂದಿ ಯಾಕೆ?”

“ಎಂತ ಯಾಕೆ? ಮೊದ್ಲಿಂದ್ಲೂ ಉಂಟು.”

“ಮೊದಲಿಂದ ಇರೋದು ಕಾರಣ ಅಲ್ಲ. ಮೊದಲಿಂದ ಜಿಗಣೆನೂ ಇದೆ.”

“ಮಾರಾಯ್ತಿ, ನಿನ್ನ ಹತ್ರ ಮಾತಾಡೋದಕ್ಕಿಂತ ತೋಟಕ್ಕೆ ಹೋಗಿ ಜಿಗಣೆ ಕಚ್ಚಿಸಿಕೊಳ್ಳೋದೇ ವಾಸಿ,” ಎಂದು ನಕ್ಕರು. ಮೇಡಂ ಎಂಬುದು ಅಷ್ಟರಲ್ಲಿ ಮಾರಾಯ್ತಿ ಆಗಿತ್ತು. “ಬೇಕಾದ್ರೆ ಮುಚ್ಚಿಕೋ. ಸ್ಟೋರಲ್ಲಿ ಹಳೆ ಗೋಣಿಚೀಲ ಬಿದ್ದಿದಾವೆ.”

ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಯ ಕಪ್ಪು ಗೆದ್ದವಳು ನಾನು. ಎದುರಾಳಿ ಇಷ್ಟು ಬೇಗ ಶರಣಾದರೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನನ್ನ ಬೆನ್ನ ಹಿಂದೆ ಇಡೀ ಸಿರುಗುಪ್ಪವಿತ್ತು. ಮಾಳಿಗೆ ಮನೆಯಲ್ಲಿ ಮಣ್ಣಿನ ದಪ್ಪ ಚಾವಣಿಯ ಕೆಳಗೆ, ಬೆಳಗ್ಗೆಯೇ ಕಿಟಕಿ ಮುಚ್ಚಿ, ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟು ಬೆಳೆದವಳು. ಹೊರಗಿನದು ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು. ಬಿಸಿಲಿಗೆ ಒಪ್ಪುವ ತರ್ಕ ಚಳಿಗೆ ಯಾಕೆ ಒಪ್ಪುವುದಿಲ್ಲ?

ಅವ್ವನ ಕೋಣೆಯೊಂದನ್ನೇ ಹಿಡಿದೆ. ಸಂದಿಗೆಲ್ಲ ಗೋಣಿ ಸುರುಳಿ ತುರುಕಿದೆ. ಹಂಚಿನ ಕೆಳಗೆ ಬಿದಿರ ಗಳು ಕಟ್ಟಿ ಥರ್ಮಾಕೋಲ್ ಹಾಸಿ, ಬಟ್ಟೆಯ ಚಾವಣಿ ಬಿಗಿದೆ. ಬಾಗಿಲ ಬುಡಕ್ಕೆ, ಅವ್ವನ ಹಳೇ ಲಂಗವನ್ನು ಉದ್ದಕ್ಕೆ ಹೊಲಿದು ಕಾಫಿ ಹೊಟ್ಟು ತುಂಬಿದ ಒಂದು ದಿಂಬು. ಲಲಿತಕ್ಕ ಅದಕ್ಕೆ ಹೆಬ್ಬಾವು ಎಂದು ಹೆಸರಿಟ್ಟರು. ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿ ಗೀಸರನ್ನು ಒಂದೇ ಸಲ ಹಾಕುವುದು, ಅನ್ನ ಒಂದು ಕುದಿ ಬಂದ ಮೇಲೆ ಪಾತ್ರೆಗೆ ಕಂಬಳಿ ಸುತ್ತಿಡುವುದು, ಈ ಅಭ್ಯಾಸಗಳೂ ಸೇರಿದವು. ಹೀಟರ್ ಸ್ವಲ್ಪ ಹೊತ್ತು ಉರಿಸಿ ಆರಿಸಿದರೂ ಕೋಣೆ ಮಲಗುವವರೆಗೆ ಬೆಚ್ಚಗಿರುತ್ತಿತ್ತು. ಬಿಲ್ಲು ಇಳಿಯಿತು. ಅವ್ವ ಗೋಡೆ ಹಿಡಿಯದೆ ಎದ್ದು ನಿಂತಳು. ನಾನು ಗೆದ್ದೆ ಅಂದುಕೊಂಡೆ. ಮೂಲೆಯಲ್ಲಿ ಬೂಷ್ಟು ಬಂದದ್ದನ್ನು ಮಾತ್ರ ದಿನಾ ಒರೆಸಬೇಕಾಗುತ್ತಿತ್ತು. ನಮ್ಮ ಉಸಿರಿನ ತೇವಕ್ಕೂ ಹೊರಹೋಗಲು ದಾರಿಯಿಲ್ಲ ಎಂದು ಆ ಮೂಲೆ ಹೇಳುತ್ತಲೇ ಇತ್ತು. ಗೆದ್ದವರು ಮೂಲೆ ನೋಡುವುದಿಲ್ಲ.

ಆಗಸ್ಟಿನಲ್ಲಿ ಗಾಳಿಗೆ ಮರ ಉರುಳಿ ಕರೆಂಟಿನ ತಂತಿ ಹರಿಯಿತು. ಎರಡನೆಯ ದಿನವೂ ಕರೆಂಟಿಲ್ಲ. ಅವ್ವ ರಗ್ಗು ಹೊದ್ದು ಮುದುಡಿಕೊಂಡಿದ್ದಳು; ನಾನು ಬೇರೆ ದಾರಿ ಕಾಣದೆ ಕಾಲೇಜಿಗೆ ಹೋದೆ. ಮಧ್ಯಾಹ್ನಕ್ಕೇ ಮಳೆ ರಜೆ ಘೋಷಿಸಿದರು. ಮನೆಗೆ ಬಂದು ಅವ್ವನ ಕೋಣೆಯ ಬಾಗಿಲು ನೂಕಿದರೆ, ಮಂಚದ ಪಕ್ಕ ಲಲಿತಕ್ಕನ ಮನೆಯ ಅಗ್ಗಿಷ್ಟಿಕೆ. ಕೆಂಡ ತುಂಬಿಟ್ಟುಕೊಂಡು ಮೈ ಕಾಯಿಸುವ ಕಬ್ಬಿಣದ ಗೂಡು ಅದು. ಹೊಗೆಯಿಲ್ಲ, ಕಮಟಿಲ್ಲ. ಹಿತವಾದ ಶಾಖ. ಅವ್ವ ಗೋಡೆಗೊರಗಿ ಕೂತಿದ್ದಳು.

“ಅವ್ವಾ.”

ಅಲುಗಿಸಿದೆ. ಕಣ್ಣು ಅರ್ಧ ತೆರೆದು, “ತಲಿ… ಸಿಡ್ಯಾಕತ್ತೇತಿ,” ಎಂದವಳು ಅಲ್ಲೇ ವಾಂತಿ ಮಾಡಿಕೊಂಡಳು. ನಾಲಿಗೆ ಹೊರಳುತ್ತಿರಲಿಲ್ಲ.

ಅವಳನ್ನು ಜಗಲಿಗೆ ಎಳೆದು ತಂದು ಕೂಗಿದೆ. ಲಲಿತಕ್ಕ ಓಡಿಬಂದರು, ನೋಡಿದರು, ಏನೂ ಕೇಳದೆ ಜೀಪು ತೆಗೆದರು. ಮೂಡಿಗೆರೆಯ ಆಸ್ಪತ್ರೆಯವರೆಗೂ ಅವರೇ ಓಡಿಸಿದರು. ಡಾಕ್ಟರು ಆಮ್ಲಜನಕ ಹಚ್ಚಿ, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟಿದ್ದಿರಾ ಎಂದು ಕೇಳಿದರು. ಕೆಂಡ ಉಗುಳುವ ವಿಷಗಾಳಿಗೆ ವಾಸನೆ ಇರುವುದಿಲ್ಲವಂತೆ. ಇನ್ನೊಂದಿಷ್ಟು ಹೊತ್ತು ಕಳೆದಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರು.

ಆಸ್ಪತ್ರೆಯ ವರಾಂಡದಲ್ಲಿ ನಾನು ಹರಿಹಾಯ್ದೆ. “ಕೆಂಡ ಇಟ್ಟು ಬಾಗಿಲು ಯಾಕೆ ಹಾಕಿದಿರಿ ಲಲಿತಕ್ಕಾ?”

“ನೀನೇ ಹೇಳಿದ್ದಲ್ದಾ ಬಿಸಿ ಹೊರಗೆ ಹೋಗ್ಬಾರ್ದು ಅಂತ? ಬರುವಾಗ ಹೆಬ್ಬಾವನ್ನೂ ಬಾಗಿಲಿಗೆ ಎಳೆದುಕೊಂಡೇ ಬಂದೆ. ನಮ್ಮತ್ತೆ ಇಡೀ ಮಳೆಗಾಲ ಅಗ್ಗಿಷ್ಟಿಕೆ ಪಕ್ಕವೇ ಮಲಗ್ತಿದ್ರು. ಒಂದಿನ ಸೀನಿದ್ದೂ ಇಲ್ಲ.”

“ನಿಮ್ಮತ್ತೆಯ ಮನೆಗೆ ಸಂದಿ ಇತ್ತು!”

ಕೂಗಿದ ಮೇಲೆ ಕೇಳಿಸಿತು, ನಾನೇನು ಹೇಳಿದೆನೆಂದು. ಸಂದಿ ಇರುವ ಮನೆಯಲ್ಲಿ ಕೆಂಡ ಸರಿ. ಕೆಂಡ ಇಲ್ಲದ ಮನೆಯಲ್ಲಿ ಮುಚ್ಚಿದ ಸಂದಿ, ಬೂಷ್ಟೊಂದನ್ನು ಬಿಟ್ಟರೆ, ಸರಿ. ಅವರು ಅವರೂರಿನ ಪ್ರೀತಿಯನ್ನು ತಂದು ನಮ್ಮೂರಿನ ಕೋಣೆಯಲ್ಲಿಟ್ಟರು, ಅಷ್ಟೇ. ಯಾರನ್ನು ಬೈಯಲಿ? ಎದುರಾಳಿಯಿಲ್ಲದ ಸಿಟ್ಟಿನಷ್ಟು ದಂಡದ ಸಿಟ್ಟು ಇನ್ನೊಂದಿಲ್ಲ.

ಅವ್ವ ಚೇತರಿಸಿಕೊಂಡಳು. ಕೋಣೆಯಲ್ಲಿ ಬೆಂಕಿ ಕೂಡದು ಎಂಬುದು ಕಾನೂನಾಯಿತು. ಗಾಳಿ ಬೀಸದ ಕಡೆಯ ಗೋಣಿ ಕಿತ್ತು ಸಂದಿ ಬಿಟ್ಟೆ. ಚಾವಣಿ ಉಳಿಯಿತು, ಹೆಬ್ಬಾವು ಉಳಿಯಿತು, ಬಿಲ್ಲು ಮಾತ್ರ ಇಳಿದದ್ದರಲ್ಲಿ ಅರ್ಧದಷ್ಟು ಮತ್ತೆ ಏರಿತು. ಬೀರುವಿನಲ್ಲಿ ಬಲ್ಬನ್ನೂ ಹಾಕಿದ್ದೇನೆ, ಹಲ್ಲು ಕಚ್ಚಿಕೊಂಡು. ಲಲಿತಕ್ಕ ಹಲವು ದಿನ ನಮ್ಮ ಮನೆಗೆ ಕಾಲಿಡಲಿಲ್ಲ. ಕೊನೆಗೆ ಅವ್ವನೇ ಸಂಜೆ ಹೊತ್ತು ಕೋಲೂರಿಕೊಂಡು ಅವರ ಬಚ್ಚಲಿಗೆ ಹೋಗಿ ಹಂಡೆಯ ಒಲೆ ಮುಂದೆ ಕೂರತೊಡಗಿದಳು. ಅಲ್ಲಿ ಗೋಡೆಗಿಂತ ಸಂದಿಯೇ ಹೆಚ್ಚು.

ಆದರೂ ಮಾಮನ ಮನೆಯ ಮಾತು ಅವಳು ಹಿಂತೆಗೆದುಕೊಂಡಿರಲಿಲ್ಲ. ಏಪ್ರಿಲ್ ರಜೆಗೆ ಸಿರುಗುಪ್ಪಕ್ಕೆ ಹೋದೆವು. ನಡುಮಧ್ಯಾಹ್ನ, ಮಾಮನ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ನನಗೆ ಒಮ್ಮೆಲೇ ಉಸಿರು ಕಟ್ಟಿದಂತಾಗಿ ಎದ್ದು ಒಂದು ಕಿಟಕಿ ತೆರೆದೆ. ಬಿಸಿಗಾಳಿ ಮುಖಕ್ಕೆ ಬಡಿಯಿತು.

“ಏ ಹುಚ್ಚೀ, ಬೆಂಕಿ ಒಳಗ ಬಿಡ್ತೀಯೇನು? ಮಲೆನಾಡಿಗೆ ಹೋಗಿ ತಲಿ ಕೆಟ್ಟೈತಿ ನಿಂದು!” ಮಾಮ ಧಡಾರನೆ ಮುಚ್ಚಿದ. ಅಲ್ಲಿ ಮುಚ್ಚಿದರೆ ತಪ್ಪು, ಇಲ್ಲಿ ತೆರೆದರೆ ತಪ್ಪು.

ಹೊರಡುವ ಬೆಳಗ್ಗೆ ಮಾಮ ಅಂದ, “ಅಕ್ಕಾ, ಇನ್ನ ಆ ಥಂಡ್ಯಾಗ ಯಾಕ? ಇಲ್ಲೇ ಇದ್ದುಬಿಡು.”

ನಾನು ಪ್ರತಿವಾದ ಜೋಡಿಸಿಕೊಂಡೇ ನಿಂತಿದ್ದೆ. ಅವ್ವ ನನ್ನ ಕಡೆ ನೋಡಲಿಲ್ಲ.

“ಇರಾಕ ನನಗೇನ್ ಅಡ್ಡಿಯಿಲ್ಲೋ ತಮ್ಮಾ. ಆದ್ರ ಇಕೀನ ಒಬ್ಬಾಕಿನ್ನ ಬಿಟ್ರ, ಗಾಳಿ ಆಡದಂಗ ಎಲ್ಲಾ ಮುಚ್ಚಿಕೊಂಡು ಕುಂತಿರ್ತಾಳ. ಬಾಗಿಲಾ ತಗಿಯವ್ರು ಒಬ್ರು ಬೇಕಲ್ಲ.”

ನಾನು ಸಿಟ್ಟಿನಿಂದ ಅವ್ವನ ಚೀಲವನ್ನೂ ಹೆಗಲಿಗೇರಿಸಿ ಬಸ್ಸಿಗೆ ನಡೆದೆ.

ಬಸ್ಸು ಚಿಕ್ಕಮಗಳೂರು ದಾಟಿ ವಸ್ತಾರೆಯ ಕಡೆ ತಿರುಗುವಾಗ ಮಳೆಗಾಳಿ ನುಗ್ಗಿತು. ನಾನು ಕಿಟಕಿಯ ಗಾಜು ಎಳೆದೆ. ಅವ್ವ ಕೈ ಚಾಚಿ, ಕೊನೆಯಲ್ಲಿ ಒಂದು ಬೆರಳಷ್ಟು ಬಿಟ್ಟು ಹಿಡಿದಳು. ಉಳಿದ ದಾರಿಯುದ್ದಕ್ಕೂ ಕಿಟಕಿಯ ಕಡೆಯ ನನ್ನ ಭುಜ ನೆನೆಯುತ್ತಿತ್ತು, ಅವ್ವನ ಕಡೆಯ ಭುಜ ಬೆಚ್ಚಗಿತ್ತು, ಸಿಟ್ಟಿನ್ನೂ ಇಳಿದಿರಲಿಲ್ಲ.