ಪಿಳ್ಳಪ್ಪ ಟವಲಿನಡಿ ಹಿಡಿದ ಬೆಲೆ

ಚಿಂತಾಮಣಿಯ ದನದ ಸಂತೆಯಲ್ಲಿ ಪಿಳ್ಳಪ್ಪನ ಮುಖ ಗೊತ್ತಿಲ್ಲದವರು ಇರಬಹುದು, ಅವನ ಕೈ ಗೊತ್ತಿಲ್ಲದವರು ಇರಲಿಲ್ಲ. ದಳ್ಳಾಳಿ ಎಂದರೆ ಜನ ಮೂಗು ಮುರಿಯುತ್ತಾರೆ. ಮುರಿಯಲಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಇಬ್ಬರ ಬೈಗುಳವನ್ನೂ ತಿಂದು, ಕೊನೆಗೆ ಇಬ್ಬರನ್ನೂ ನಗಿಸಿ ಮನೆಗೆ ಕಳಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರು ಕೈಗೆ ಕೈ ಕೊಟ್ಟು ಮೇಲೊಂದು ಟವಲು ಮುಚ್ಚುತ್ತಾರೆ. 'ಇದು ಸಾವಿರ' ಎಂದು ಎದುರಿನವನ ಎರಡು ಬೆರಳು ಹಿಡಿದರೆ ಎರಡು ಸಾವಿರ, 'ಇದು ನೂರು' ಎಂದು ಐದೂ ಬೆರಳು ಹಿಡಿದರೆ ಮೇಲೆ ಐನೂರು. ಸುತ್ತ ನಿಂತವರಿಗೆ ಟವಲು ಅಲುಗುವುದಷ್ಟೇ ಕಾಣುತ್ತದೆ. ಬೆಲೆ ಒಪ್ಪದವನು ಕೈಯನ್ನು ಸರಕ್ಕನೆ ಎಳೆದುಕೊಳ್ಳುತ್ತಾನೆ, ಒಪ್ಪಿದವನು ಹಿಡಿದ ಕೈಯನ್ನು ಮೆಲ್ಲಗೆ ಅದುಮುತ್ತಾನೆ. ಅದುಮಿದ ಮೇಲೆ ಮುಗಿಯಿತು, ಯಾರೂ ಹಿಂದೆ ಸರಿಯುವಂತಿಲ್ಲ.

ಪಿಳ್ಳಪ್ಪ ಎಂದೂ ಸರಿದವನಲ್ಲ. ಒಂದು ಸಲ ಬೆಲೆ ಕುದುರಿದ ಮೇಲೆ ಕೊಳ್ಳುವವನೇ ಸಂತೆಯಿಂದ ನಾಪತ್ತೆಯಾದ. ಪಿಳ್ಳಪ್ಪ ಹೆಂಡತಿ ಮಂಗಮ್ಮನ ಓಲೆ ಅಡವಿಟ್ಟು ಆ ಎತ್ತಿನ ಜೋಡಿಯನ್ನು ತಾನೇ ಕೊಂಡ. ಮಂಗಮ್ಮ ಎಷ್ಟೋ ದಿನ ಅವನಿಗೆ ಮುದ್ದೆಯನ್ನು ತಟ್ಟೆಗೆ ಹಾಕುತ್ತಿದ್ದಳೇ ಹೊರತು ಮಾತು ಹಾಕುತ್ತಿರಲಿಲ್ಲ. ಒಬ್ಬಳೇ ಮಗಳು ರಾಧಾಮಣಿಗೆ ಮಾತ್ರ ಅಪ್ಪನ ಕೈ ಎಂದರೆ ಆಟ. ತೊಡೆಯ ಮೇಲೆ ಕೂತು, ಟವಲು ಮುಚ್ಚಿಕೊಂಡು, ಮನೆಯ ಬೆಕ್ಕನ್ನು ದಿನಕ್ಕೊಂದು ಬೆಲೆಗೆ ಅವನಿಗೇ ಮಾರುತ್ತಿದ್ದಳು. ಬೆಲೆ ಸಾಲದೆಂದರೆ ಕೈ ಎಳೆದುಕೊಳ್ಳುತ್ತಿದ್ದ ರಭಸಕ್ಕೆ ಬಳೆ ಒಡೆಯುತ್ತಿದ್ದವು.

ಆಮೇಲೆ ಟ್ರಾಕ್ಟರುಗಳು ಬಂದವು, ಎತ್ತುಗಳು ಹೋದವು. ಎರಡು ಸಾವಿರದ ಏಳರ ಹೊತ್ತಿಗೆ ಪಿಳ್ಳಪ್ಪನ ಟವಲು ಬೆವರು ಒರೆಸುವುದಕ್ಕಷ್ಟೇ ಉಳಿದಿತ್ತು. ಉಳಿದ ಹೆಮ್ಮೆಯೆಲ್ಲ ಜಂಗಮಕೋಟೆಯಲ್ಲಿದ್ದ ಮಗಳ ಕೊಟ್ಟಿಗೆಯದು. ಮದುವೆಯಲ್ಲಿ ಕೊಟ್ಟ ಒಂದು ಕಡಸನ್ನು ರಾಧಾಮಣಿ ಐದು ಸೀಮೆ ಹಸು ಮಾಡಿದ್ದಳು. ಡೇರಿಗೆ ಹಾಕಿದ ಹಾಲಿನ ದುಡ್ಡಿನಲ್ಲೇ ಮನೆ ನಡೆಯುತ್ತಿತ್ತು. ಏಕೆಂದರೆ ಅವಳ ಗಂಡ ಬೀರೇಶ ಜಮೀನಿನ ವ್ಯಾಪಾರಕ್ಕೆ ಇಳಿದಿದ್ದ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಏಳುತ್ತಿದ್ದ ಕಾಲ, ಈ ಕಡೆ ಯಾರನ್ನು ಕಂಡರೂ ಜೇಬಿನಲ್ಲಿ ಒಂದು ಪಹಣಿ ಇರುತ್ತಿತ್ತು. ಬೀರೇಶ ಕೆಟ್ಟವನಲ್ಲ, ಕುಡಿಯುವವನಲ್ಲ. ಬೈಕಿನಲ್ಲಿ ಕರೆದುಕೊಂಡು ಹೋಗಿ ಜಮೀನು ತೋರಿಸಿದರೆ ಬೆಂಗಳೂರಿನ ಪಾರ್ಟಿಗಳು ತನ್ನನ್ನು ನಂಬುವುದಿಲ್ಲ ಎಂಬುದೊಂದೇ ಅವನ ಕೊರಗು.

ಆ ಕೊರಗಿಗೆ ಮದ್ದು ಶಿಡ್ಲಘಟ್ಟದಲ್ಲಿ ಸಿಕ್ಕಿತು. ರೇಷ್ಮೆ ವ್ಯಾಪಾರ ಮಾಡಿ ಈಗ ಲೇಔಟು ಮಾಡುತ್ತಿದ್ದ ವೆಂಕಟರವಣಪ್ಪ ತನ್ನ ವಿದೇಶಿ ಗಾಡಿಯನ್ನು ಮಾರುತ್ತಿದ್ದ. ಹೊಸದಿದ್ದಾಗ ಅದರ ಬೆಲೆಗೆ ಎರಡು ಮನೆ ಬರುತ್ತಿದ್ದವಂತೆ, ಈಗ ನಾಲ್ಕು ಲಕ್ಷವಂತೆ. ಮೂರು ಲಕ್ಷ ಕಿಲೋಮೀಟರು ಓಡಿದೆ ಎಂಬ ಮಾತನ್ನು ಬೀರೇಶ ಕೊನೆಯಲ್ಲಿ, ಕೆಮ್ಮಿನ ಜೊತೆ ಸೇರಿಸಿ ಹೇಳಿದ.

"ಮಾವ, ನೀವೇ ಬಂದು ನೋಡ್ಬೇಕು. ನೀವು ಹ್ಞೂ ಅಂದ್ರೆ ತಗೊಳ್ಳೋದು, ಬೇಡ ಅಂದ್ರೆ ಬಿಡೋದು."

"ನಂಗೇನ್ ಗೊತ್ತು ಬೀರೇಶಪ್ಪ ಕಾರು? ನಾನು ದನ ನೋಡ್ದೋನು."

"ಬಾಯಿಲ್ದಿರೋ ದನ ನೋಡ್ದೋರಿಗೆ ಇದ್ಯಾವ ಲೆಕ್ಕ. ಹಸುಗಳನ್ನ ಮಾರಿದ್ರೆ ಹತ್ತತ್ರ ಅರ್ಧ ದುಡ್ಡಾಗುತ್ತೆ. ಮಿಕ್ಕಿದ್ದು ಎಲ್ಲಾದ್ರೂ ನೋಡಣ."

ಜಂಗಮಕೋಟೆಯಿಂದ ಹೊರಡುವ ಮುಂಚೆ ರಾಧಾಮಣಿ ಅಪ್ಪನನ್ನು ಹಸುಗಳ ಬಾನಿಯ ಹತ್ತಿರ ಕರೆದಳು. ಕೈಗೆ ಹತ್ತಿದ ಬೂಸಾ ಕೂಡ ತೊಳೆದಿರಲಿಲ್ಲ.

"ಅಪ್ಪ, ನೀನೇ ಬೇಡ ಅಂದ್ಬಿಡು. ನಾನು ಹೇಳಿ ಹೇಳಿ ಸಾಕಾಯ್ತು. ಅವ್ರು ಕೇಳಿದ್ರೆ ನಿನ್ ಮಾತೊಂದೇ ಕೇಳೋದು."

"ಹ್ಞೂ ಕಣಮ್ಮ," ಎಂದ ಪಿಳ್ಳಪ್ಪ. ಅನ್ನುವುದಕ್ಕೇನು, ಅಂದುಬಿಟ್ಟ. ಹೆಣ್ಣು ಕೊಟ್ಟವನು ಅಳಿಯನ ಆಸೆಗೆ ಅಡ್ಡ ಬಂದರೆ ಏನಾಗುತ್ತದೆಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ನಾಳೆ ಯಾವ ವ್ಯವಹಾರ ಕೆಟ್ಟರೂ 'ನಿಮ್ಮಪ್ಪನಿಂದಲೇ' ಎಂಬ ಮಾತು ರಾಧಾಮಣಿಯ ತಲೆಯ ಮೇಲೆ ಬೀಳುತ್ತದೆ, ಬದುಕಿರುವವರೆಗೂ ಬೀಳುತ್ತದೆ. ಬೇಡ ಎನ್ನಬೇಕು, ಆದರೆ ತಾನು ಬೇಡ ಎಂದಂತೆ ಕಾಣಬಾರದು. ಶಿಡ್ಲಘಟ್ಟ ಬಂದರೂ ಅದಕ್ಕೆ ದಾರಿ ಕಾಣಲಿಲ್ಲ.

ಗಾಡಿ ಶೆಡ್ಡಿನಲ್ಲಿ ನಿಂತಿತ್ತು. ಕಪ್ಪಗೆ, ಎತ್ತರವಾಗಿ, ಮಿರಮಿರ ಮಿಂಚುತ್ತಿತ್ತು. ಪಿಳ್ಳಪ್ಪ ಅಭ್ಯಾಸಬಲದಿಂದ ಹಿಂದಿನಿಂದ ಶುರುಮಾಡಿ ಒಂದು ಸುತ್ತು ಬಂದ. ಎತ್ತಾದರೆ ಹಲ್ಲು ನೋಡಬೇಕು, ಸುಳಿ ನೋಡಬೇಕು, ನಡೆಸಿ ಗೊರಸು ನೋಡಬೇಕು. ಇದರಲ್ಲಿ ಎಲ್ಲಿ ನೋಡುವುದು? ಬೀರೇಶ ಗಾಡಿಯನ್ನು ಬಿಟ್ಟು ಮಾವನ ಮುಖವನ್ನೇ ನೋಡುತ್ತಿದ್ದ. ಏನಾದರೂ ಮಾಡಲೇಬೇಕಲ್ಲ ಎಂದು ಪಿಳ್ಳಪ್ಪ ಒಂದು ಟೈರನ್ನು ಸವರಿದ. ಬೆರಳಿಗೆ ಎಣ್ಣೆ ಹತ್ತಿತು. ಮುದಿ ಎತ್ತಿನ ಕೊಂಬಿಗೆ ಸಂತೆಯ ದಿನ ಎಣ್ಣೆ ಹಚ್ಚುವುದನ್ನು ಅವನು ಸಾವಿರ ಸಲ ನೋಡಿದ್ದಾನೆ. ಹಚ್ಚಿಸಿಯೂ ಇದ್ದಾನೆ.

"ಕೂತ್ಕೊಂಡು ನೋಡಿ ಪಿಳ್ಳಪ್ಪಗಾರೂ," ಎಂದ ವೆಂಕಟರವಣಪ್ಪ.

ಕೂತ. ಏನು ಮೆತ್ತನೆಯ ಸೀಟು, ಏನು ತಂಪು ಗಾಳಿ. ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಎರಡು ಮೈಲಿ ಹೋಗುವಷ್ಟರಲ್ಲಿ ಅವನ ಸೊಂಟದ ನೋವು ಎಲ್ಲಿ ಹೋಯಿತೋ. ಮಗಳ ಮಾತು ತಲೆಯಲ್ಲಿರುವಾಗ ಮೈಗೆ ಇಷ್ಟು ಹಿತವಾಗುತ್ತಿದೆಯಲ್ಲ ಎಂದು ನಾಚಿಕೆಯಾಯಿತು. ಹಳ್ಳ ಬಂದಾಗಲೆಲ್ಲ ಗಾಡಿಯ ಹೊಟ್ಟೆಯಲ್ಲಿ ಏನೋ ಲೊಟಲೊಟ ಎನ್ನುತ್ತಿತ್ತು. ವೆಂಕಟರವಣಪ್ಪ ಆಗಲೇ ಹಾಡಿನ ಸದ್ದು ಜಾಸ್ತಿ ಮಾಡುತ್ತಿದ್ದ. ಹಿಂದೆ ತಿರುಗಿ ನೋಡಿದರೆ ರಸ್ತೆ ಕಪ್ಪು ಹೊಗೆಯಲ್ಲಿ ಮುಚ್ಚಿಹೋಗಿತ್ತು. ಈಗ ಹೇಳಬಹುದಿತ್ತು. ಆದರೆ ಬೀರೇಶ ಕಿಟಕಿಯ ಗಾಜನ್ನು ಮೇಲೆ ಕೆಳಗೆ ಮಾಡುತ್ತ, ಜಾತ್ರೆಯಲ್ಲಿ ಮೊದಲ ಸಲ ರಾಟೆ ತೊಟ್ಟಿಲು ಹತ್ತಿದ ಹುಡುಗನ ಹಾಗೆ ನಗುತ್ತಿದ್ದ. ಪಿಳ್ಳಪ್ಪ ಮುಂದಕ್ಕೆ ತಿರುಗಿ ಕೂತ.

ಶೆಡ್ಡಿಗೆ ವಾಪಸು ಬಂದ ಮೇಲೆ ವೆಂಕಟರವಣಪ್ಪ ಟೀ ತರಿಸಿದ. "ಹಿರಿಯರು ಬಂದಿದ್ದೀರ, ನಾನು ಬೆಲೆ ಹೇಳಲ್ಲ. ಚೆಪ್ಪಂಡಿ, ನೀವೇ ಹೇಳಿ, ಎಷ್ಟು ಕೊಡ್ತೀರ?"

ಆಗ ಪಿಳ್ಳಪ್ಪನಿಗೆ ದಾರಿ ಹೊಳೆಯಿತು. ಎದುರಿನವನು ಉರಿದು ಬೀಳುವಂಥ ಬೆಲೆ ಹಿಡಿಯಬೇಕು. ಬಾಯಲ್ಲಿ ಹೇಳಿದರೆ ಅಳಿಯನಿಗೆ ಅವಮಾನ, ಟವಲಿನ ಕೆಳಗಾದರೆ ಯಾರಿಗೂ ಕಾಣದು. ಅವನು ಕೈ ಎಳೆದುಕೊಳ್ಳುತ್ತಾನೆ, 'ಕುದುರಲಿಲ್ಲ ಕಣಪ್ಪ' ಎಂದು ಎದ್ದು ಬಂದರಾಯಿತು. ಹಸುವೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಪಿಳ್ಳಪ್ಪ ಹೆಗಲಿನ ಟವಲು ತೆಗೆದು ಕೈ ಚಾಚಿದ.

ವೆಂಕಟರವಣಪ್ಪ ನಕ್ಕ. "ನಮ್ಮಪ್ಪ ಹಿಂಗೇ ರೇಷ್ಮೆಗೂಡು ಕೊಳ್ಳೋರು. ಎಷ್ಟು ವರ್ಷ ಆಯ್ತು ಇದನ್ನ ನೋಡಿ," ಎನ್ನುತ್ತ ಕೈ ಕೊಟ್ಟ.

"ಇದು ಲಕ್ಷ," ಎಂದು ಪಿಳ್ಳಪ್ಪ ಅವನ ಒಂದೇ ಬೆರಳು ಹಿಡಿದ. "ಇದು ಹತ್ತು ಸಾವಿರ," ಎಂದು ಐದೂ ಹಿಡಿದ. ಒಂದೂವರೆ ಲಕ್ಷ. ನಾಲ್ಕು ಹೇಳಿದವನಿಗೆ ಅರ್ಧವೂ ಅಲ್ಲ. ಹಿಡಿದು, ಕೈ ಎಳೆಯುವುದನ್ನು ಕಾದ.

ಎಳೆಯಲಿಲ್ಲ. ಟವಲಿನ ಕೆಳಗೆ ಆ ಕೈ ಮೆಲ್ಲಗೆ ಪಿಳ್ಳಪ್ಪನ ಬೆರಳುಗಳನ್ನು ಅದುಮಿತು.

ಮೊದಲ ಹಿಡಿತಕ್ಕೇ ಒಪ್ಪುವವನು ಯಾರೆಂದು ಪಿಳ್ಳಪ್ಪನಿಗೆ ಗೊತ್ತಿಲ್ಲದ್ದಲ್ಲ. ಕಳೆದರೆ ಸಾಕು ಎಂದು ಕಾಯುತ್ತಿರುವವನು. ಎತ್ತಿನ ಹೊಟ್ಟೆಯಲ್ಲಿ ಸಾವು ಕೂತಿರುವುದು ಗೊತ್ತಿರುವವನು. ಈಗಲೂ ಕಾಲ ಮಿಂಚಿರಲಿಲ್ಲ. ಟವಲಿನ ಕೆಳಗೆ ಆದದ್ದು ಇಬ್ಬರಿಗಷ್ಟೇ ಗೊತ್ತು. ಕುದುರಲಿಲ್ಲ ಎಂಬ ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ರಾಧಾಮಣಿಯ ಬೂಸಾ ಹತ್ತಿದ ಕೈ ಕಣ್ಣಿಗೆ ಕಟ್ಟಿತು. ಹೇಳುತ್ತೇನೆ ಎಂದುಕೊಂಡೇ ಬಾಯಿ ತೆರೆದ.

"ಏನಾಯ್ತು ಮಾವ?" ಎಂದ ಬೀರೇಶ.

"ಆಯ್ತು," ಎಂದಿತು ಬಾಯಿ. ನಲವತ್ತು ವರ್ಷದಿಂದ ಕೈ ಅದುಮಿದಾಗಲೆಲ್ಲ ಅದು ಹೇಳುತ್ತ ಬಂದದ್ದು ಆ ಒಂದೇ ಮಾತನ್ನು, ಬೇರೆ ಮಾತು ಅದಕ್ಕೆ ಬರಲಿಲ್ಲ. ಮುದುಕನ ನಿಯತ್ತು ಎಂದು ಯಾರಾದರೂ ಹೊಗಳಿದರೆ ನಾನು ಒಪ್ಪುವುದಿಲ್ಲ. ಆ ಗಳಿಗೆಯಲ್ಲಿ ಪಿಳ್ಳಪ್ಪ ಹಗ್ಗ ಹಿಡಿದವನ ಹಿಂದೆ ಹೋಗುವ ದನಕ್ಕಿಂತ ಹೆಚ್ಚೇನೂ ಆಗಿರಲಿಲ್ಲ.

ಬೆಲೆ ಕೇಳಿದ ಬೀರೇಶ ಬಗ್ಗಿ ಮಾವನ ಕಾಲು ಮುಟ್ಟಿದ. ಗಾಡಿಯನ್ನು ಈಗಲೇ ತೆಗೆದುಕೊಂಡು ಹೋಗಿ ಎಂದ ವೆಂಕಟರವಣಪ್ಪ. ದುಡ್ಡು ವಾರ ಬಿಟ್ಟು ಕೊಟ್ಟರಾಯಿತು, ಪತ್ರಗಿತ್ರ ಏನೂ ಬೇಡ, ಪಿಳ್ಳಪ್ಪನವರ ಕೈ ಸಾಕು ಎಂದ. ಆ ಕೈ ಮಡಿಲಲ್ಲಿಟ್ಟುಕೊಂಡು ಪಿಳ್ಳಪ್ಪ ಮೆತ್ತನೆಯ ಸೀಟಿನಲ್ಲಿ ಕೂತ.

"ನಾಲ್ಕು ಲಕ್ಷ ಅಂದಿದ್ರೆ ಆಗ್ತಾನೇ ಇರ್ಲಿಲ್ಲ ಮಾವ," ಎಂದ ಬೀರೇಶ ದಾರಿಯಲ್ಲಿ. "ಮಿಕ್ಕಿದ್ದಕ್ಕೆ ಯಾರೂ ಸಾಲ ಕೊಡಲ್ಲ ಅಂದಿದ್ರು. ಇವತ್ತು ಬರಿಗೈಲೇ ವಾಪಸ್ ಬರ್ತೀವಿ ಅಂದ್ಕೊಂಡಿದ್ದೆ. ಈಗ ನೋಡಿ, ಐದು ಹಸುಗೆ ಸರಿಹೋಯ್ತು. ಅವನ್ನೂ ನೀವೇ ಸಂತೇಲಿ ನಿಂತು ಕೊಡ್ಸಿಬಿಡಿ."

ಪಿಳ್ಳಪ್ಪ ಕಣ್ಣು ಮುಚ್ಚಿಕೊಂಡ. ತಾನು ಸುಮ್ಮನೆ ಕೂತು ಟೀ ಕುಡಿದಿದ್ದರೆ ಸಾಕಿತ್ತು, ಈ ಗಾಡಿ ಆ ಶೆಡ್ಡಿನಲ್ಲೇ ಉಳಿಯುತ್ತಿತ್ತು. ಅದನ್ನು ಮಗಳ ಕೊಟ್ಟಿಗೆಯ ಬೆಲೆಗೆ ಸರಿಯಾಗಿ ಇಳಿಸಿಕೊಟ್ಟವನು ತಾನೇ.

ಜಂಗಮಕೋಟೆಯಲ್ಲಿ ಹಾಲು ಕರೆಯುವ ಹೊತ್ತು. ಗಾಡಿಯ ಸದ್ದಿಗೆ ರಾಧಾಮಣಿ ಕೈಯಲ್ಲಿ ಹಾಲಿನ ಕ್ಯಾನು ಹಿಡಿದೇ ಹೊರಬಂದಳು. ಅಷ್ಟು ಎತ್ತರದಿಂದ ಅಪ್ಪ ಇಳಿಯಲಾರದೆ ಒದ್ದಾಡುವುದನ್ನು ಕಂಡು ಕ್ಯಾನು ಕೆಳಗಿಟ್ಟು ಕೈ ಕೊಟ್ಟಳು.

"ಬೇಡ ಅನ್ನಕ್ಕೇ ಹೋಗಿದ್ದೆ ಕಣಮ್ಮ," ಎಂದ ಪಿಳ್ಳಪ್ಪ. ಮಿಕ್ಕದ್ದನ್ನು ಬೆರಳುಗಳು ತಾವಾಗಿಯೇ ಹೇಳಿದವು. ಅವಳ ಒಂದು ಬೆರಳು ಹಿಡಿದ, ಆಮೇಲೆ ಐದೂ ಹಿಡಿದ.

ರಾಧಾಮಣಿಗೆ ಆ ಭಾಷೆ ಮರೆತಿರಲಿಲ್ಲ. ಶೆಡ್ಡಿನಲ್ಲಿ ವೆಂಕಟರವಣಪ್ಪನ ಕೈಯಿಂದ ಪಿಳ್ಳಪ್ಪ ಯಾವ ಎಳೆತವನ್ನು ಕಾದಿದ್ದನೋ ಅದು ಈಗ ಬಂತು. ಅವಳು ತನ್ನ ಕೈಯನ್ನು ಸರಕ್ಕನೆ ಎಳೆದುಕೊಂಡಳು. ಅವನು ಬಾಗಿಲು ಹಿಡಿದು ಹೇಗೋ ಇಳಿದ. ಅವಳು ಕ್ಯಾನು ಎತ್ತಿಕೊಂಡು ಕೊಟ್ಟಿಗೆಯೊಳಗೆ ಹೋದಳು.