ಟ್ಯಾಂಕರಿನ ಹೊಟ್ಟೆಯಲ್ಲಿ ಉಳಿದ ನೀರು

ಸಂಸ್ಕರಣಾಗಾರ ಎಷ್ಟೇ ಇಂಧನ ತಯಾರಿಸಲಿ, ಬಂಕಿಗೆ ಹೋಗುವ ದಾರಿಯಲ್ಲೇ ಅದು ಕಳುವಾದರೆ ದೇಶದ ಏಳಿಗೆ ಭಾಷಣಗಳಲ್ಲಷ್ಟೇ ಉಳಿಯುತ್ತದೆ. ಸರ್ಕಾರಕ್ಕೆ ಈ ಮಾತು ಹೊಳೆದದ್ದು ತಡವಾಗಿ. ಕೊನೆಗೂ, ಪ್ರತಿ ಟ್ಯಾಂಕರನ್ನೂ ಡಿಪೋದಲ್ಲೇ ನೀರು ತುಂಬಿಸಿ ಅಳೆಯಬೇಕೆಂಬ ಆಜ್ಞೆ ಹೊರಟಿತು. ಡಿಪೋದ ಅಳತೆಕಟ್ಟೆಯಲ್ಲಿದ್ದ ಹೆಂಗಸನ್ನು ಚಾಲಕರೆಲ್ಲ ಅಳತೆಯಕ್ಕ ಎನ್ನುತ್ತಿದ್ದರು. ಆಜ್ಞೆ ಬಂದ ದಿನ ಆಕೆ ಹೊಟ್ಟೆ ತುಂಬ ಉಂಡಳು.

ಆಕೆಯ ಗಂಡ ತನ್ನ ಅಣ್ಣನ ಟ್ಯಾಂಕರಿಗೇ ಚಾಲಕನಾಗಿದ್ದವನು. ಬಂಕುಗಳಲ್ಲಿ ಡೀಸೆಲ್ ಕಡಿಮೆ ಬೀಳತೊಡಗಿದಾಗ, ‘ಇವನೇ ದಾರಿಯಲ್ಲಿ ಮಾರಿಕೊಂಡಿದ್ದಾನೆ’ ಎಂದು ಡಿಪೋದ ಅಂಗಳದಲ್ಲಿ ಎಲ್ಲರೆದುರು ಬೆರಳು ತೋರಿಸಿದವನು ಆ ಅಣ್ಣನೇ. ಆಮೇಲೆ ಗಂಡನಿಗೆ ಯಾರೂ ಸ್ಟಿಯರಿಂಗ್ ಮುಟ್ಟಗೊಡಲಿಲ್ಲ. ಆಕೆ ಹಲ್ಲು ಕಚ್ಚಿಕೊಂಡು ಅದೇ ಅಂಗಳದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ವಾಲ್ವು ತಿರುಗಿಸಲು ಕಲಿತು, ಅಳತೆಕಟ್ಟೆ ಹತ್ತಿದಳು.

ಭಾವ ಬೇಕೆಂದೇ ಆಕೆಯ ಪಾಳಿಗೆ ಟ್ಯಾಂಕರ್ ತಂದ. ಮನೆಯ ಹೆಂಗಸು ಮನೆಯ ಮಾನ ಕಾಯುತ್ತಾಳೆಂಬುದು ಅವನ ನಂಬಿಕೆ.

“ಬೇಗ ಸೀಲು ಹಾಕಮ್ಮ. ನಾವೇನು ಬೇರೆಯವರಾ?”

“ಬೇರೆಯವರಾಗಿದ್ರೆ ನಾನೊಬ್ಳೇ ಅಳೀತಿದ್ದೆ ಭಾವ. ನಮ್ಮವರಲ್ವಾ, ಸಾಹೇಬ್ರನ್ನೂ ಕರೆಸಿದೀನಿ.”

ಅಧಿಕಾರಿಯ ಎದುರಿಗೇ ಅಳೆದು ತುಂಬಿಸಿದ ನೀರನ್ನು ಮತ್ತೆ ಹೊರಬಿಟ್ಟು ಅಳೆದರು. ಇನ್ನೂರು ಲೀಟರ್ ಕಡಿಮೆ.

“ಎಲ್ಲೋ ಸೋರಿರಬೇಕು,” ಎಂದ ಭಾವ.

“ನೆಲ ಒಣಗಿದೆಯಲ್ಲ! ನಿಮ್ಮ ತಮ್ಮ ಮನೇಲಿದಾರೆ. ಈ ನೀರನ್ನ ಯಾರು ಮಾರ್ಕೊಂಡ್ರು?”

ಸಾಲಿನಲ್ಲಿದ್ದ ಚಾಲಕರು ಗೊಳ್ಳೆಂದರು. ಮುಚ್ಚಳ ತೆಗೆದು ಟಾರ್ಚು ಬಿಟ್ಟರೆ, ಒಳಗೋಡೆಗೆ ಬೆಸುಗೆ ಹಾಕಿದ ಕಳ್ಳಪೆಟ್ಟಿಗೆಯೊಂದು ನೀರು ತುಂಬಿಕೊಂಡು ಕುಳಿತಿತ್ತು. ಪ್ರತಿ ಸರಕಿನಲ್ಲೂ ಅದು ಅಷ್ಟು ಡೀಸೆಲ್ ನುಂಗಿತ್ತು. ಬೈಗುಳವನ್ನು ತಮ್ಮ ನುಂಗಿದ್ದ.

ಭಾವ ದನಿ ತಗ್ಗಿಸಿದ. “ಪರವಾನಗಿ ಹೋದ್ರೆ ಬೀದಿಗೆ ಬೀಳ್ತೀನಿ, ತಾಯಿ.”

“ಬನ್ನಿ. ನಿಮ್ಮ ತಮ್ಮ ಮೊದ್ಲೇ ಅಲ್ಲಿ ಜಾಗ ಹಿಡಿದಿದಾರೆ.”

“ತಪ್ಪು ನಂದೇ ಅಂತ ಹೇಳಿದ್ರೆ ಬಿಡ್ತೀಯಾ?”

“ಹೇಳಿ ನೋಡಿ.”

ಭಾವ ನೆಲ ನೋಡುತ್ತ ಹೇಳಿದ: “ನನ್ನ ತಮ್ಮ ಕದ್ದಿಲ್ಲ. ಪೆಟ್ಟಿಗೆ ಮಾಡಿಸಿದ್ದು ನಾನು.”

“ಹಿಂದೆ ನಿಂತವ್ರಿಗೆ ಕೇಳಿಸ್ಲಿಲ್ಲ ಭಾವ.”

ಅವನು ಗಂಟಲೇರಿಸಿ ಮತ್ತೊಮ್ಮೆ ಹೇಳಿದ. ಆಕೆ ಕೊನೆಯ ಮಾತಿನವರೆಗೂ ಕೇಳಿ, ಅಧಿಕಾರಿಯತ್ತ ತಿರುಗಿದಳು.

“ಸಾರ್, ಗಾಡಿ ಜಪ್ತಿ ಮಾಡಿ.”

“ಬಿಡ್ತೀನಿ ಅಂದೆಯಲ್ಲೇ!” ಭಾವ ಕಿರುಚಿದ.

“ಹೇಳಿ ನೋಡಿ ಅಂದೆ. ಹೇಳಿದ್ರಿ, ಎಲ್ರೂ ನೋಡಿದ್ರು,” ಎಂದು ಆಕೆ ಸಾಲಿನ ಮುಂದಿನ ಟ್ಯಾಂಕರನ್ನು ಕೈಬೀಸಿ ಕರೆದಳು.