ನಿದ್ದೆಯ ಕಣ್ಣು

ಮನುಷ್ಯನ ನಿಜರೂಪ ನಿದ್ದೆಯಲ್ಲಿ ಹೊರಬೀಳುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರು ಬಂಟ್ವಾಳದ ನಮ್ಮ ಕಣ್ಣಿನ ಡಾಕ್ಟರನ್ನು ಕಂಡಿರಲಿಲ್ಲ. "ನಿದ್ದೆಯ ಕಣ್ಣು ಸುಳ್ಳು ಹೇಳ್ತದೆ ಮಾರಾಯ್ರೆ" ಎಂಬುದು ಅವರ ಮಂತ್ರ. ಅದನ್ನು ಕೇಳದೆ ವರ್ಷಗಳಾದವು.

ಮಾತಾಡುವಾಗ ಎರಡೂ ತೋರುಬೆರಳುಗಳಿಂದ ಗಾಳಿಯನ್ನು ಒತ್ತುತ್ತಿದ್ದರು, ಮಾವು ಹಣ್ಣಾಗಿದೆಯೇ ಎಂದು ನೋಡುವವರ ಹಾಗೆ. ರೋಗಿಯ ಮುಚ್ಚಿದ ರೆಪ್ಪೆಯ ಮೇಲೂ ಹಾಗೆಯೇ ಒತ್ತಿ, ಕಣ್ಣಿನೊಳಗಿನ ಒತ್ತಡ ಅಂದಾಜು ಮಾಡುತ್ತಿದ್ದರು.

ನನ್ನ ಮಗಳದು ದೊಡ್ಡ ಕಣ್ಣು. ಮೂಡುಬಿದಿರೆಯ ನಮ್ಮ ನೆಂಟರೆಲ್ಲ ಚಂದವೆಂದು ಹೊಗಳಿ, ದೃಷ್ಟಿಬೊಟ್ಟು ಇಡಿಸಿದ್ದರು. ಡಾಕ್ಟರು ಮಾತ್ರ ಹೊಗಳಲಿಲ್ಲ. "ಇದು ಚಂದ ಅಲ್ಲ, ಒತ್ತಡಕ್ಕೆ ಕಣ್ಣು ಹಿಗ್ಗಿದ್ದು" ಎಂದರು. ಮಗು ಅಳು ನಿಲ್ಲಿಸಲಿಲ್ಲವಾದ್ದರಿಂದ ಈಥರ್ ಕೊಟ್ಟು ಮಲಗಿಸಿ, ಕಣ್ಣಿನ ಮೇಲೆ ಪುಟ್ಟ ಯಂತ್ರವಿಟ್ಟು ಅಳೆದರು. ಒತ್ತಡ ಸರಿಯಾಗಿಯೇ ಇತ್ತು. ನಾನು ಚೀಲ ಎತ್ತಿಕೊಂಡೆ.

"ಎಲ್ಲಿಗೆ?"

"ಮನೆಗೆ. ಸರಿ ಉಂಟಲ್ಲ?"

"ಅದು ಮದ್ದಿನ ಅಮಲಿಗೆ ಇಳಿದದ್ದು. ಕುಡಿದವ ಕೊಟ್ಟ ಮಾತು ನಂಬಿ ನೀವು ಹೆಣ್ಣು ಕೊಡ್ತೀರಾ? ಎಚ್ಚರವಾದರೆ ಪುನಃ ಏರ್ತದೆ. ಕುರುಡಾಗುವ ಮೊದಲು ಆಪರೇಷನ್ ಮಾಡುವ."

ನಾನು ಚೀಲ ಕೆಳಗಿಟ್ಟೆ.

ಅವರು ತೀರಿಹೋದ ಮೇಲೆ ನನ್ನನ್ನು ಅಷ್ಟು ಆಪ್ತವಾಗಿ ಬೈದವರಿಲ್ಲ. ಬಸ್ಸು ಅವರ ಗೇಟಿನ ಮುಂದೆ ಹಾಯುವಾಗ, ಕಿಟಕಿಯ ಬದಿ ಕೂತವರಿಗೆ ಕಿರಿಕಿರಿಯಾಗುವಷ್ಟು ಬಗ್ಗಿ ನೋಡುತ್ತೇನೆ. ಗೇಟಿಗೆ ಬೀಗ ಉಂಟು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಮಗಳ ಎಡಗಣ್ಣು ಉಳಿಯಿತು. ಬಲಗಣ್ಣಿಗೆ ಆಗಲೇ ತಡವಾಗಿತ್ತು.